ನಡೆಯುವವರಿಗೆ ನುಡಿಸಿದ್ದು

ಆಸ್ಪತ್ರೆಯಲ್ಲಿ ಸೂಜಿಯಕ್ಕನ ಕೆಲಸ ಹರಿದ ಬಟ್ಟೆ ಹೊಲಿಯುವುದು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಬಿಳಿ ಕೋಟು, ಆಪರೇಷನ್ ಕೋಣೆಯ ಹಸಿರು ಅಂಗಿ, ಏನೇ ಹರಿದರೂ ನೆಲಮಾಳಿಗೆಯ ಬಟ್ಟೆ ಕೋಣೆಗೆ ಬರುತ್ತಿತ್ತು, ಅಲ್ಲಿ ಅವಳ ಕೈಗೆ ಸಿಗುತ್ತಿತ್ತು. ಕಾಲರಿನ ಒಳಮಗ್ಗುಲಲ್ಲಿ ದಾರ ಪೋಣಿಸಿದ ಎರಡು ಸೂಜಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದಳು, ಒಂದು ಬಿಳಿ, ಒಂದು ಹಸಿರು. ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕನೇ.

ಪಿಯಾನೊ ಅವಳಿಗೆ ಬಂದದ್ದು ಸೋದರಮಾವನಿಂದ. ಅವನದು ಹಳೆಯ ಮರದ ಸಾಮಾನು ರಿಪೇರಿ ಮಾಡಿ ಮಾರುವ ಅಂಗಡಿ. ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಪಿಯಾನೊವೊಂದು ಅಲ್ಲಿ ಹನ್ನೆರಡು ವರ್ಷ ಗಿರಾಕಿಯಿಲ್ಲದೆ ನಿಂತಿತ್ತು. ಶಾಲೆ ಬಿಟ್ಟ ಮೇಲೆ ಹುಡುಗಿ ಅದರ ಮುಂದೆ ಕೂರುವಳು. ಕಲಿಸುವವರಿಲ್ಲ, ಎದುರಿಗೆ ಪುಸ್ತಕವಿಲ್ಲ. ಕಿವಿಗೆ ಬಿದ್ದದ್ದನ್ನು ಕೈ ಹುಡುಕಿಕೊಳ್ಳುತ್ತಿತ್ತು, ಅಷ್ಟೆ. ಅವಳಿಗೆ ಮದುವೆಯಾದಾಗ ಸೋದರಮಾವ, "ಇದನ್ನ ಯಾರೂ ಕೊಳ್ಳಲ್ಲ ಕಣೇ, ನೀನೇ ತಗೊಂಡು ಹೋಗು" ಎಂದು ನಾಲ್ಕು ಜನರನ್ನು ಕರೆಸಿ ಲಾರಿಗೆ ಹತ್ತಿಸಿದ. ಗಂಡನ ಮನೆಯಲ್ಲಿ ಅತ್ತೆ ಅದನ್ನು ಸುತ್ತ ಬಂದು ನೋಡಿ, ಮುಚ್ಚಳ ಎತ್ತಿ, ಬೆಚ್ಚಿ ಹಿಂದೆ ಸರಿದಳು.

"ಬೀರು ಅಂತ ತಿಳ್ಕೊಂಡೆ. ತೆಗೆದ್ರೆ ಹಲ್ಲು ಕಿರೀತಲ್ಲೇ!"

ಆಸ್ಪತ್ರೆಯಲ್ಲೂ ಒಂದು ಪಿಯಾನೊ ಇತ್ತು. ಎರಡನೇ ಮಹಡಿಯ ನಡಿಗೆ ಕೋಣೆಯಲ್ಲಿ, ಗುಣವಾಗಿ ಹೋದ ರೋಗಿಯೊಬ್ಬರು ಕೊಟ್ಟದ್ದು. ಸೊಂಟ ಮುರಿದವರು, ಮೊಣಕಾಲು ಬದಲಿಸಿಕೊಂಡವರು, ಲಕ್ವ ಹೊಡೆದವರು ಮತ್ತೆ ನಡೆಯಲು ಕಲಿಯುವ ಕೋಣೆ ಅದು. ನಡುವೆ ಹಿಡಿದುಕೊಂಡು ಹೋಗಲು ಎರಡು ಕಬ್ಬಿಣದ ಕಂಬಿ, ಗೋಡೆಗೆ ದೊಡ್ಡ ಕನ್ನಡಿ, ಮೂಲೆಯಲ್ಲಿ ಎಲ್ಲಿಗೂ ಹೋಗದ ಮೂರೇ ಮೂರು ಮೆಟ್ಟಿಲು. ಪಿಯಾನೊ ಮೇಲೆ ಊರುಗೋಲುಗಳನ್ನು ರಾಶಿ ಹಾಕಿಡುತ್ತಿದ್ದರು. ಒಂದು ದಿನ ಸೂಜಿಯಕ್ಕ ಹೊಲಿದ ದಿಂಬುಗಳನ್ನು ಕೊಡಲು ಹೋದವಳು, ಕೋಲುಗಳನ್ನು ಪಕ್ಕಕ್ಕೆ ಸರಿಸಿ, ಕೈ ತಡೆಯಲಾರದೆ ನಾಲ್ಕು ಸಾಲು ನುಡಿಸಿದಳು. ಕಾಲು ಗಂಟೆಯಿಂದ ಕಂಬಿ ಹಿಡಿದು ಕಂಬದಂತೆ ನಿಂತಿದ್ದ ಮುದಿ ಅಂಚೆಯವನೊಬ್ಬ ಒಂದು ಹೆಜ್ಜೆ ಇಟ್ಟ. ಆಮೇಲೆ ಇನ್ನೊಂದು. ಆರು ಹೆಜ್ಜೆ ಇಟ್ಟು ತಾನೇ ಗಾಬರಿಯಾಗಿ ನಿಂತ.

ನಡಿಗೆ ಕಲಿಸುವ ಟೀಚರಮ್ಮ ಕನ್ನಡಿಯಲ್ಲಿ ನೋಡಿದಳು. "ಸೂಜಿ, ನಿಲ್ಲಿಸಬೇಡ. ಇನ್ನೊಂದ್ಸಲ."

ಆ "ಇನ್ನೊಂದ್ಸಲ" ಹದಿನೇಳು ವರ್ಷ ನಡೆಯಿತು. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸೂಜಿಯಕ್ಕ ನಡಿಗೆ ಕೋಣೆಯಲ್ಲಿ ನುಡಿಸಿ, ಮಧ್ಯಾಹ್ನ ನೆಲಮಾಳಿಗೆಗೆ ಇಳಿದು ಹೊಲಿಗೆಗೆ ಕೂರುತ್ತಿದ್ದಳು. ನುಡಿಸುವಾಗ ಅವಳ ಕಣ್ಣು ಕೈಯ ಮೇಲೆ ಇರುತ್ತಿರಲಿಲ್ಲ, ಕಾಲುಗಳ ಮೇಲೆ ಇರುತ್ತಿತ್ತು. ಪಾದ ಎದ್ದರೆ ಅವಳ ಬೆರಳೂ ಏಳುತ್ತಿತ್ತು. ಪಾದ ಗಾಳಿಯಲ್ಲಿ ಅನುಮಾನಿಸಿದರೆ ಸ್ವರವೂ ಅನುಮಾನಿಸಿ, ನೆಲ ಮುಟ್ಟಿದ ಮೇಲೇ ಇಳಿಯುತ್ತಿತ್ತು.

ಹೀಗಿರುವಾಗ ನಡಿಗೆ ಕೋಣೆಯನ್ನು ಹೊಸ ಕಟ್ಟಡಕ್ಕೆ ಸಾಗಿಸುವ ತೀರ್ಮಾನವಾಯಿತು. ಪಿಯಾನೊ ಪರೀಕ್ಷಿಸಲು ಬಂದ ಶ್ರುತಿ ಮಾಡುವವನು ಹಿಂಬದಿಯ ಹಲಗೆಗೆ ಟಾರ್ಚು ಬಿಟ್ಟು ನೋಡಿ ತಲೆಯಾಡಿಸಿದ. "ಒಳಗಡೆ ಉದ್ದಕ್ಕೂ ಸೀಳಿದೆ. ಇಲ್ಲಿದ್ದರೆ ಇರುತ್ತೆ. ಜರುಗಿಸಿದರೆ ಸೌದೆ." ಹೊಸ ಕೋಣೆಯ ಚಾವಣಿಯಲ್ಲಿ ಆರು ಸ್ಪೀಕರುಗಳಿದ್ದವು.

ಟೀಚರಮ್ಮ ಬಟ್ಟೆ ಕೋಣೆಗೇ ಇಳಿದು ಬಂದಳು. "ಮನೇಲಿ ನಿಂದೇ ಒಂದು ಇದೆಯಲ್ಲ. ಫೋನಲ್ಲಿ ರೆಕಾರ್ಡ್ ಮಾಡಿ ಕೊಡು. ಐದು ಸಾಕು. ತೀರಾ ನಿಧಾನದಿಂದ ಶುರು ಮಾಡಿ, ಸರಾಗವಾಗಿ ನಡೆಯೋ ತನಕ. ನಾವು ಬೇಕಾದಾಗ ಹಾಕ್ಕೊಳ್ತೀವಿ."

"ಮತ್ತೆ ನಾನು?"

"ನಿನಗೆ ಇಲ್ಲಿ ಕೈತುಂಬಾ ಕೆಲಸ ಇದೆಯಲ್ಲ," ಎಂದಳು ಟೀಚರಮ್ಮ. ಹೇಳುವಾಗ ಹೊಲಿಗೆ ಮೆಷಿನ್ನಿನ ಚಕ್ರ ನೋಡುತ್ತಿದ್ದಳು. ಅವಳ ತಪ್ಪೇನಿಲ್ಲ ಎಂದು ಸೂಜಿಯಕ್ಕನಿಗೂ ಗೊತ್ತಿತ್ತು. ತಲೆಯಾಡಿಸಿ, ಕೈಲಿದ್ದ ದಿಂಬಿನ ಚೀಲವನ್ನು ಹೊಲಿದು ಮುಗಿಸಿ ನೋಡಿದರೆ ನಾಲ್ಕೂ ಕಡೆ ಹೊಲಿದುಬಿಟ್ಟಿದ್ದಳು, ದಿಂಬು ತೂರಿಸಲು ಬಾಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ರೆಕಾರ್ಡಿಂಗ್ ಎಂದಾಯಿತು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಯಾವ ಕೆಲಸವಾದರೂ ಅವನಿಗೆ ಏಣಿ, ಹಳೆ ಬಟ್ಟೆ, ಖಾಲಿ ಡಬ್ಬ ಇಲ್ಲದೆ ಶುರುವಾಗುತ್ತಿರಲಿಲ್ಲ. ಏಣಿ ತಂದು ಪಿಯಾನೊ ಹಿಂದೆ ನಿಲ್ಲಿಸಿ, ಸದ್ದು ಗೋಡೆಗೆ ಬಡಿಯದಿರಲೆಂದು ಅದರ ಮೇಲೆ ಎರಡು ಕಂಬಳಿ ಇಳಿಬಿಟ್ಟ. ಬಣ್ಣದ ಡಬ್ಬ ಬೋರಲು ಹಾಕಿ ಅದರ ಮೇಲೆ ಫೋನು ಇಟ್ಟ. ಕಿಟಕಿ ಮುಚ್ಚಿದ. ಆಮೇಲೆ ಸದ್ದುಗಳು ಒಂದೊಂದಾಗಿ ಹೊರಬಿದ್ದವು. ಫ್ರಿಜ್ಜು ಗೂರಲು ಬಂದವರಂತೆ ಉಸಿರೆಳೆಯಿತು, ಅದನ್ನು ಆರಿಸಿದರು. ಗಡಿಯಾರ ಟಿಕ್ಕೆಂದಿತು, ಅದನ್ನು ಅಡುಗೆಮನೆಯ ಹಿಟ್ಟಿನ ಡಬ್ಬಕ್ಕೆ ಹಾಕಿದರು. ಪಕ್ಕದ ಮನೆಯ ಬಡಗಿ ರಂಧ್ರ ಕೊರೆಯತೊಡಗಿದ, ಗಂಡ ಹೋಗಿ ಅರ್ಧ ಗಂಟೆ ಸುಮ್ಮನಿರು ಎಂದು ಬೇಡಿಕೊಂಡು ಬಂದ. ಎಲ್ಲ ಸುಮ್ಮನಾಗಿ ಸೂಜಿಯಕ್ಕ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಕೆಮ್ಮಿದಳು.

"ಈ ಮನೇಲಿ ಕೆಮ್ಮೋದಕ್ಕೂ ರಜಾ ಚೀಟಿ ಬೇಕೇನು?" ಎಂದು ತನ್ನ ಕುರ್ಚಿಯಿಂದಲೇ ಕೇಳಿದಳು. ಅದೂ ರೆಕಾರ್ಡಾಯಿತು.

ಸದ್ದು ದೊಡ್ಡ ಸಂಗತಿಯಾಗಿರಲಿಲ್ಲ. ನಿಜವಾದ ತೊಂದರೆ ಸೂಜಿಯಕ್ಕನಿಗೆ ತಿಳಿದದ್ದು ಹಾಕಿ ಕೇಳಿದಾಗ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಅವಳ ವಾದನವೂ ಅವಳಿಗೆ ಇಷ್ಟು ವರ್ಷ ಬೆನ್ನಿನ ಹಾಗೆಯೇ ಇತ್ತು. ಈಗ ಫೋನು ಅದನ್ನು ತಿರುಗಿಸಿ ತೋರಿಸಿತು. ಸ್ವರಗಳು ಸರಿಯಾಗಿದ್ದವು. ಆದರೆ ಹೋಗುತ್ತ ಹೋಗುತ್ತ ಸುಮ್ಮಸುಮ್ಮನೆ ನಿಲ್ಲುತ್ತಿದ್ದವು, ದಾರಿಯಲ್ಲಿ ಚಪ್ಪಲಿ ಕಿತ್ತವರ ಹಾಗೆ. ಆಮೇಲೆ ನೆನಪಾಗಿ ಓಡುತ್ತಿದ್ದವು.

"ಚೆನ್ನಾಗೇ ಇದೆಯಲ್ಲ," ಎಂದ ಗಂಡ.

"ಎಲ್ಲಿ ಚೆನ್ನಾಗಿದೆ? ಇಲ್ಲಿ ನೋಡಿ, ಇಲ್ಲಿ ನಿಂತೆ. ಯಾಕೆ ನಿಂತೆ? ಯಾರಿದ್ರು ಇಲ್ಲಿ?"

ಮುಂದಿನ ಭಾನುವಾರ ತಾಳ ಹಾಕುವ ಯಂತ್ರದ ಜೊತೆ ನುಡಿಸಿದಳು. ಅದು ಟಕ್ ಟಕ್ ಎನ್ನುತ್ತಿತ್ತು, ಇವಳು ಗಾಣದ ಎತ್ತಿನ ಹಾಗೆ ಅದರ ಹಿಂದೆ ಸುತ್ತಿದಳು. ಕೇಳಿ ನೋಡಿದರೆ ನಡೆಯುವ ಮನಸ್ಸೇ ಬಾರದು. ಗಂಡನನ್ನು ನಡೆಸಿ ನೋಡಿದಳು. ಅವನು ನಡೆಯುತ್ತಲೇ ಗೋಡೆ ನೋಡುವವನು, ಎಲ್ಲಿ ಬಣ್ಣ ಎದ್ದಿದೆಯೋ ಅಲ್ಲಿ ನಿಂತು ಉಗುರಲ್ಲಿ ಕೆರೆಯುವವನು. ಜೊತೆಗೆ ಸಿಳ್ಳೆ. ಮೂರನೇ ಭಾನುವಾರ ಸೂಜಿಯಕ್ಕ ಫೋನನ್ನೇ ಬೈದಳು. ಕುರ್ಚಿ ಕಿರುಗುಟ್ಟುತ್ತೆ ಎಂದಳು, ಕಂಬಳಿ ಸದ್ದು ನುಂಗುತ್ತೆ ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅತ್ತೆಯ ಧ್ವನಿ ಬಂತು.

ಅತ್ತೆಯ ವಿಷಯ ಹೇಳಬೇಕು. ಒಂದು ವರ್ಷದ ಕೆಳಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಬಚ್ಚಲು, ಅಷ್ಟೇ ಅವಳ ಲೋಕ. ಅದೂ ಗೋಡೆ ಹಿಡಿದು. ನಡಿಗೆ ಕೋಣೆಗೆ ಬನ್ನಿ ಎಂದು ಸೊಸೆ ಎಷ್ಟು ಸಲ ಕರೆದರೂ, "ನಾನೇನು ಎಳೆಗೂಸಾ ನಡೆಯೋದು ಕಲಿಯಕ್ಕೆ? ನಿನ್ನ ಗಂಡನಿಗೆ ನಡೆಯೋದು ಕಲಿಸಿದವಳು ನಾನು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಊರುಗೋಲು ತಂದುಕೊಟ್ಟದ್ದು ಬಾಗಿಲ ಹಿಂದೆ ಜೇಡರ ಬಲೆ ಕಟ್ಟಿಕೊಂಡಿತ್ತು.

ಆ ಭಾನುವಾರ ಸೂಜಿಯಕ್ಕ ಮುಚ್ಚಳ ಇಳಿಸಿ, ಅದರ ಮೇಲೆ ಮೊಣಕೈಯೂರಿ ಕೂತಳು. "ಕಾಲು ಕಾಣದೆ ನನಗೆ ನುಡಿಸಕ್ಕೆ ಬರಲ್ಲ," ಎಂದಳು. ಯಾರಿಗೂ ಹೇಳಿದ ಮಾತಲ್ಲ.

ಕುರ್ಚಿ ಸರಿದ ಸದ್ದಾಯಿತು. ತಿರುಗಿದರೆ ಅತ್ತೆ ಎದ್ದು ನಿಂತಿದ್ದಾಳೆ.

"ಮೂರು ವಾರದಿಂದ ಒಂದೇ ನಾಲ್ಕು ಸಾಲು ಕೇಳಿ ನನ್ನ ಕಿವಿ ತೂತು ಬಿತ್ತು. ನಿನಗೆ ಕಾಲು ತಾನೆ ಬೇಕು? ಎರಡಿವೆ, ಹಳೇವು. ಆ ಕೋಲು ಕೊಡು. ಜೇಡ ಒರೆಸಿ ಕೊಡು."

ಒಂದು ಮಾತಾಡಿದರೂ ಅತ್ತೆ ಮತ್ತೆ ಕೂತುಬಿಟ್ಟಾಳು ಎಂಬ ಹೆದರಿಕೆ ಸೂಜಿಯಕ್ಕನಿಗೆ. ಕೋಲು ಕೊಟ್ಟು, ಗಂಡನಿಗೆ ಕಣ್ಸನ್ನೆ ಮಾಡಿ ಅವಳ ಹಿಂದೆ ನಿಲ್ಲಿಸಿ, ಮುಚ್ಚಳ ಎತ್ತಿದಳು. ಅತ್ತೆಯ ಎಡಪಾದ ನೆಲ ಬಿಟ್ಟಿತು. ಬೆರಳು ಎದ್ದಿತು. ಪಾದ ಇಳಿಯಿತು, ಬೆರಳೂ ಇಳಿಯಿತು. ಕಿಟಕಿಯಿಂದ ಬಾಗಿಲವರೆಗೆ ಹನ್ನೊಂದು ಹೆಜ್ಜೆ. ಬಾಗಿಲ ಬಳಿ ಅತ್ತೆ ಗದರಿದಳು: "ತಡಿಯೇ, ತಿರುಗ್ತೀನಿ!" ಸೂಜಿಯಕ್ಕ ಸ್ವರವನ್ನು ಹಿಡಿದು ನಿಲ್ಲಿಸಿದಳು. ಅತ್ತೆ ತಿರುಗಿದಳು. "ಹೂಂ, ಹೊರಡು."

ಸಂಜೆಗೆ ಎರಡು ರೆಕಾರ್ಡಿಂಗ್ ಆಗಿತ್ತು. ಮುಂದಿನ ಎರಡು ಭಾನುವಾರದಲ್ಲಿ ಉಳಿದ ಮೂರು. ಗಂಡ ಬಾಗಿಲಿಗೆ ಒರಗಿ ನಗುತ್ತಿದ್ದ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮನೇಲಿ ನೋಡು, ಅತ್ತೇದು ಕಾಲು, ಸೊಸೇದು ಕೈ, ನಂದು ಬರೀ ಏಣಿ."

ರೆಕಾರ್ಡಿಂಗ್ ಕೊಡುವಾಗ ಸೂಜಿಯಕ್ಕನಿಗೆ ನಾಚಿಕೆ. ಕೋಲಿನ ಸದ್ದು ಇದೆ, ಅತ್ತೆಯ ಗದರಿಕೆ ಇದೆ, ಇನ್ನೊಂದ್ಸಲ ಮಾಡಿಕೊಡ್ತೀನಿ ಎಂದಳು. ಟೀಚರಮ್ಮ ಪೂರ್ತಿ ಕೇಳಿದಳು. "ಏನೂ ಮಾಡಬೇಡ. ಹೀಗೇ ಇರಲಿ," ಎಂದಳು.

ಹೊಸ ಕೋಣೆ ಶುರುವಾದ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಸೂಜಿಯಕ್ಕ ಹೋಗಿ ಬಾಗಿಲಲ್ಲಿ ನಿಂತಳು. ಐದಾರು ಜನ ನಡೆಯುತ್ತಿದ್ದರು. ಚಾವಣಿಯಿಂದ ಅವಳ ಪಿಯಾನೊ ಇಳಿಯುತ್ತಿತ್ತು. "ತಡಿಯೇ, ತಿರುಗ್ತೀನಿ!" ಎಂಬ ಅಬ್ಬರ ಬಂದದ್ದೇ ತಡ, ಅಷ್ಟೂ ಜನ ಶಿಸ್ತಾಗಿ ನಿಂತು ತಿರುಗಿದರು. "ಹೂಂ, ಹೊರಡು" ಎಂದಾಗ ಹೊರಟರು. ಸೂಜಿಯಕ್ಕ ಸೆರಗೋ ಕರವಸ್ತ್ರವೋ ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ನಿಂತ ಮೇಲೆ ನೋಡಿದರೆ ಅವಳ ಬೆರಳುಗಳು ತೊಡೆಯ ಮೇಲೆ ತಾವೇ ಆಡುತ್ತಿದ್ದವು, ಚಾವಣಿಗಿಂತ ಒಂದು ಕೂದಲೆಳೆ ಹಿಂದೆ. ಅಲ್ಲೊಬ್ಬಳು ತಡವರಿಸುತ್ತಿದ್ದಳು. ಸ್ಪೀಕರು ಅವಳಿಗಾಗಿ ಕಾಯಲಿಲ್ಲ. ಸೂಜಿಯಕ್ಕ ಬಟ್ಟೆ ಕೋಣೆಗೆ ವಾಪಸಾದಳು.

ಆಮೇಲೆ ನೆಲದ ಮೇಸ್ತ್ರಿ ಬಂದ. ನಲವತ್ತು ವರ್ಷ ಮನೆಮನೆಗಳಿಗೆ ನೆಲ ಹಾಸಿದವನು, ಲಕ್ವ ಹೊಡೆದು ಎಡಭಾಗ ಸೋತಿತ್ತು. ಬಲಗಾಲು ಚುರುಕಾಗಿ ಮುಂದೆ ಬೀಳುತ್ತಿತ್ತು, ಎಡಗಾಲು ಎಳೆದುಕೊಂಡು ಹಿಂದೆ ಬರುತ್ತಿತ್ತು. ಐದು ರೆಕಾರ್ಡಿಂಗಿನಲ್ಲಿ ಯಾವುದು ಹಾಕಿದರೂ ಅವನಿಗೆ ಕೂಡುತ್ತಿರಲಿಲ್ಲ. ಎಲ್ಲವೂ ಎರಡು ಕಾಲೂ ಸಮನಾಗಿರುವವರ ನಡಿಗೆ. ನಾಲ್ಕು ಹೆಜ್ಜೆಗೆ ತಾಳ ತಪ್ಪಿ, ಸಿಟ್ಟು ಬಂದು ಕೂತುಬಿಡುತ್ತಿದ್ದ.

"ಆ... ಮುದುಕಿ... ನನ್ನ ಓಡಿಸ್ತಾಳೆ," ಎಂದು ಚಾವಣಿ ತೋರಿಸುತ್ತಿದ್ದ. ಮಾತೂ ಎಳೆದೇ ಬರುತ್ತಿತ್ತು.

ಟೀಚರಮ್ಮನ ಬಾಯಲ್ಲಿ ಇದನ್ನು ಕೇಳಿ ಸೂಜಿಯಕ್ಕ ಊಟದ ಬಿಡುವಿನಲ್ಲಿ ಹೋಗಿ ಬೆಂಚಿನ ಮೇಲೆ ಕೂತಳು. ಸ್ಪೀಕರು ಆರಿಸಲು ಹೇಳಿದಳು. ಮೇಸ್ತ್ರಿ ಕಂಬಿ ಹಿಡಿದು ತನ್ನ ಪಾಡಿಗೆ ನಡೆದ. ಅವಳು ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ್ದ ಲೋಹದ ಟೋಪಿಯಿಂದ ಬೆಂಚಿನ ಅಂಚಿಗೆ ಮೆಲ್ಲಗೆ ತಟ್ಟುತ್ತ ಹೋದಳು. ಚಿಕ್ಕದೊಂದು, ಉದ್ದದೊಂದು. ಚಿಕ್ಕದೊಂದು, ಉದ್ದದೊಂದು. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ತುಟಿಯಲ್ಲಿ ಅದನ್ನೇ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಕೂತವಳು ಬೇರೆ ಸೀಟಿಗೆ ಹೋದಳು.

ಮನೆಗೆ ಬಂದವಳೇ ಅತ್ತೆಗೆ ಹೇಳಿದಳು. "ಎಡಗಾಲು ಸ್ವಲ್ಪ ಎಳೀಬೇಕು ಅತ್ತೆ. ಹೀಗೆ."

ಅತ್ತೆ ಒಪ್ಪಲಿಲ್ಲ. "ಕಾಲಿಲ್ಲದವರನ್ನ ಅಣಕಿಸಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು."

"ಅಣಕ ಅಲ್ಲ ಅತ್ತೆ, ಅಳತೆ. ಅವರ ಅಂಗಿ ಹೊಲಿಯಕ್ಕೆ ಅವರ ಅಳತೆ ಬೇಡವಾ?"

ಅತ್ತೆ ಕೋಲು ತೆಗೆದುಕೊಂಡಳು. ಸೊಸೆ ನುಡಿಸಿದಳು, ಅತ್ತೆ ಹನ್ನೊಂದು ಹೆಜ್ಜೆಯ ಆ ದಾರಿಯಲ್ಲಿ ಒಂದು ಗಂಟೆ ಹೋಗಿ ಬಂದಳು, ಫೋನು ರೆಕಾರ್ಡ್ ಮಾಡಿಕೊಂಡಿತು. ಬಡಗಿ ಆ ಹೊತ್ತಿನಲ್ಲಿ ಕೊರೆಯುವುದನ್ನು ತಾನಾಗಿಯೇ ಬಿಟ್ಟಿದ್ದ, ಗೋಡೆಗೆ ಕಿವಿಯಿಟ್ಟಿದ್ದನೋ ಏನೋ.

ಟೀಚರಮ್ಮನಿಗೆ ಇದು ಹಿಡಿಸಲಿಲ್ಲ. "ಸೊಟ್ಟ ನಡಿಗೆಗೆ ಸೊಟ್ಟ ತಾಳ ಕೊಟ್ರೆ ಸೊಟ್ಟನೇ ಗಟ್ಟಿಯಾಗುತ್ತೆ ಸೂಜಿ. ಸರಿ ಮಾಡೋದು ಯಾವಾಗ?"

"ಕುಗ್ಗಿದ ಬಟ್ಟೆನ ಒಂದೇ ಸಲ ಎಳೆದ್ರೆ ಹರಿಯುತ್ತೆ ಟೀಚರಮ್ಮ. ಮೊದಲು ಅವರಿರೋ ಕಡೆಗೆ ನಾವು ಹೋಗೋಣ. ವಾರಕ್ಕೊಂದು ಮಾಡಿ ಕೊಡ್ತೀನಿ. ಪ್ರತಿ ವಾರ ಒಂದು ನೂಲಿನಷ್ಟು ಎಳೀತೀನಿ."

ಟೀಚರಮ್ಮ ಒಂದು ವಾರದ ಮಟ್ಟಿಗೆ ಒಪ್ಪಿದಳು. ರೆಕಾರ್ಡಿಂಗ್ ಹಾಕಿದ ದಿನ ಮೇಸ್ತ್ರಿ ಮೊದಲ ಸಾಲಿಗೆ ಸುಮ್ಮನೆ ನಿಂತು ಕೇಳಿದ. ಆಮೇಲೆ ಹೊರಟ. ಕಂಬಿಯ ಈ ತುದಿಯಿಂದ ಆ ತುದಿಗೆ ಹೋದ. ಅಲ್ಲಿ ನಿಂತು, ಇದು ಯಾರು ಮಾಡಿದ್ದು ಎಂಬಂತೆ ಹುಬ್ಬೇರಿಸಿದ.

ಎಲ್ಲ ಸಲೀಸಾಗಿ ಆಯಿತೆಂದಲ್ಲ. ಎರಡನೆಯದೂ ಕೂಡಿತು. ಮೂರನೆಯದರಲ್ಲಿ ಸೂಜಿಯಕ್ಕನಿಗೆ ಆಸೆ ಹೆಚ್ಚಾಗಿ, ನೂಲಿನಷ್ಟು ಎಳೆಯುವ ಕಡೆ ಬೆರಳಿನಷ್ಟು ಎಳೆದುಬಿಟ್ಟಳು. ಮೇಸ್ತ್ರಿ ಮುಗ್ಗರಿಸಿದ, ಮೊಣಕಾಲು ಊದಿಕೊಂಡು ನಾಲ್ಕು ದಿನ ಕಾಲಿಗೆ ಐಸು ಇಟ್ಟುಕೊಂಡು ಕೂತ. ಸೂಜಿಯಕ್ಕ ಹೋಗಿ ಅವನ ಮುಂದೆ ನಿಂತು, "ನನ್ನ ತಪ್ಪು" ಎಂದಳು. ಅವನು ಸರಿಯಾಗಿದ್ದ ಬಲಗೈಯಿಂದ ನೆಲ ತೋರಿಸಿ, ಮಾತು ಹುಡುಕಿಕೊಂಡು ಹೇಳಿದ. "ನಾನೂ... ಎಷ್ಟೋ ಸಲ... ಕಿತ್ತು... ಮತ್ತೆ ಹಾಕಿದೀನಿ."

ಅವಳೂ ಕಿತ್ತು ಮತ್ತೆ ಹಾಕಿದಳು. ಈ ನಡುವೆ ಪ್ರತಿ ಶುಕ್ರವಾರ ಹೋಗಿ ಅವನ ಹೆಜ್ಜೆ ಕೇಳಿ ಬರುವುದು, ಭಾನುವಾರ ರೆಕಾರ್ಡ್ ಮಾಡುವುದು ರೂಢಿಯಾಯಿತು. ಅತ್ತೆಗೆ ಒಂದು ತೊಂದರೆ ಶುರುವಾಯಿತು. ದಿನಾ ನಡೆದು ನಡೆದು ಅವಳ ಕಾಲು ಚುರುಕಾಗಿ, ಬೇಕೆಂದರೂ ಎಳೆಯಲು ಬಾರದಾಯಿತು. "ನಿನ್ನ ಮೇಸ್ತ್ರಿಗೆ ಹೇಳು, ಬೇಗ ಬೇಗ ವಾಸಿಯಾಗಲಿ. ನನಗೆ ಹಿಂದೆ ಬೀಳೋದು ಕಷ್ಟ ಆಗ್ತಿದೆ," ಎಂದಳು.

ಹನ್ನೊಂದು ವಾರ. ಕೊನೆಗೂ ಮೇಸ್ತ್ರಿಯ ಎಡಗಾಲು ಪೂರ್ತಿ ಸರಿಯಾಗಲಿಲ್ಲ, ಆಗುವುದೂ ಇಲ್ಲ ಎಂದಿದ್ದರು ಡಾಕ್ಟರರು. ಆದರೆ ಕೋಲು ಹಿಡಿದು, ಯಾರ ಕೈಯನ್ನೂ ಹಿಡಿಯದೆ, ತನ್ನ ಕಾಲ ಮೇಲೆ ತಾನು ಆಸ್ಪತ್ರೆಯ ಬಾಗಿಲು ದಾಟಿದ. ಅವನ ಹೆಂಡತಿ, ಅವನಿಗಾಗಿ ಮಾಡಿದ ಒಂಬತ್ತೂ ರೆಕಾರ್ಡಿಂಗನ್ನು ತನ್ನ ಫೋನಿಗೆ ಹಾಕಿಸಿಕೊಂಡು ಹೋದಳು.

ಟೀಚರಮ್ಮ ಅಷ್ಟರಲ್ಲಿ ಇನ್ನಿಬ್ಬರ ಹೆಸರು ಚೀಟಿಯಲ್ಲಿ ಬರೆದು ತಂದಿದ್ದಳು. ಒಬ್ಬಳು ನಾಲ್ಕನೇ ಹೆಜ್ಜೆಗೆ ಸರಿಯಾಗಿ ಹೆದರುವವಳು, ಇನ್ನೊಬ್ಬ ಬೆರಳ ತುದಿಯಲ್ಲೇ ನಡೆಯುವವನು. ಶುಕ್ರವಾರ ಬೆಳಿಗ್ಗೆ ಎರಡು ಗಂಟೆ ಸೂಜಿಯಕ್ಕನನ್ನು ನಡಿಗೆ ಕೋಣೆಗೆ ಬಿಡಬೇಕೆಂದು ಮೇಲಿನವರಿಗೆ ಕಾಗದ ಬರೆದು ಒಪ್ಪಿಸಿದಳು. ಮೊದಲಿನ ಹಾಗೆ ದಿನಾ ಅಲ್ಲ, ಒಂದೇ ದಿನ. ಸೂಜಿಯಕ್ಕ ಅದಕ್ಕೂ ತಲೆಯಾಡಿಸಿದಳು. ಈ ಸಲ ದಿಂಬಿನ ಚೀಲಕ್ಕೆ ಬಾಯಿ ಬಿಟ್ಟೇ ಹೊಲಿದಳು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಫೋನು ಮಾಡಿದಳು. ಸೂಜಿಯಕ್ಕ ಎತ್ತಿದವಳೇ ಕೇಳಿದಳು. "ಏನಾಯ್ತು? ಬಿದ್ರಾ?"

"ಇಲ್ಲಪ್ಪ, ಚೆನ್ನಾಗಿದಾರೆ. ಅಂಗಡಿ ತನಕ ಅವರೇ ಹೋಗಿ ಬರ್ತಾರೆ. ನಡೆಯಕ್ಕೆ ಈಗ ನಿಮ್ಮ ಪಿಯಾನೊ ಹಾಕ್ಕೊಳ್ಳಲ್ಲ. ಅದನ್ನ ಹೇಳಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ."

"ಒಳ್ಳೇದೇ ಆಯ್ತಲ್ಲ."

"ಪೂರ್ತಿ ಕೇಳಿ. ನಡೆಯೋವಾಗ ಹಾಕ್ಕೊಳ್ಳಲ್ಲ. ಸಂಜೆ ಕಾಫಿ ಕುಡಿಯೋವಾಗ ಹಾಕು ಅಂತಾರೆ. ಕೂತ್ಕೊಂಡು ಕೇಳ್ತಾರೆ. ಮುಗಿಯೋ ತನಕ ಏಳಲ್ಲ. ಬೇರೆ ಏನಾದ್ರೂ ಇದ್ರೆ ಕಳಿಸಕ್ಕೆ ಹೇಳು ಅಂತ ಒಂದೇ ಸಮ. ಇದೆಯಾ?"

ಸೂಜಿಯಕ್ಕ ನೋಡ್ತೀನಿ ಎಂದು ಫೋನು ಇಟ್ಟಳು. ಅಷ್ಟು ಹೊತ್ತಿಗೆ ಗಂಡ ಏಣಿಗೆ ಕಂಬಳಿ ಹೊದಿಸಿ ಆಗಿತ್ತು. ಅತ್ತೆ ಕೋಲು ಹಿಡಿದು ಕಿಟಕಿಯ ಬಳಿ ಸಿದ್ಧವಾಗಿದ್ದಳು. "ಇವತ್ತು ಯಾರ ಕಾಲು?"

"ಯಾರದೂ ಇಲ್ಲ ಅತ್ತೆ. ನೀವು ಕೂತ್ಕೊಳ್ಳಿ."

"ಕೂತ್ಕೊಂಡು?"

"ಸುಮ್ನೆ ಕೇಳಿ."

ಅತ್ತೆಗೆ ಅನುಮಾನ. ಆದರೂ ಕೂತಳು. ಸೂಜಿಯಕ್ಕ ಸೋದರಮಾವನ ಅಂಗಡಿಯಲ್ಲಿ ನುಡಿಸುತ್ತಿದ್ದ ಒಂದು ಹಳೆಯ ರಾಗವನ್ನು ಹುಡುಕಿಕೊಂಡು, ಎಲ್ಲಿ ನಿಲ್ಲಬೇಕೆನಿಸಿತೋ ಅಲ್ಲಿ ನಿಂತು, ಎಲ್ಲಿ ಹೊರಡಬೇಕೆನಿಸಿತೋ ಅಲ್ಲಿ ಹೊರಟು, ಕೊನೆಯವರೆಗೆ ನುಡಿಸಿದಳು. ಎರಡು ಕಡೆ ತಪ್ಪಿತು. ಬಿಟ್ಟಳು.

"ಹೇಗಿತ್ತು?" ಎಂದು ಕೇಳಿದಳು, ಫೋನು ಆರಿಸಿ.

"ನಡೆಯಕ್ಕೆ ಪ್ರಯೋಜನ ಇಲ್ಲ," ಎಂದಳು ಅತ್ತೆ. ಕೋಲನ್ನು ಗೋಡೆಗೆ ಒರಗಿಸಿ, "ಇನ್ನೊಂದ್ಸಲ ಹಾಕು ನೋಡೋಣ," ಎಂದಳು.